ಬಿಟ್‌ಕಾಯಿನ್ ಹವ್ಯಾಸ: ಮನೆಯ ಗಣಿಗಾರಿಕೆಯೋ, ಸಣ್ಣ ವಹಿವಾಟೋ?

2009ರಲ್ಲಿ ಸಾಧಾರಣ ಕಂಪ್ಯೂಟರಿನಿಂದಲೇ ಸಾಧ್ಯವಾಗಿದ್ದ ಬಿಟ್‌ಕಾಯಿನ್ ಗಣಿಗಾರಿಕೆಗೆ (ವಹಿವಾಟುಗಳನ್ನು ಸಾರ್ವಜನಿಕ ಲೆಕ್ಕಪುಸ್ತಕಕ್ಕೆ ಸೇರಿಸಿ, ಪ್ರತಿಫಲವಾಗಿ ಹೊಸ ನಾಣ್ಯ ಪಡೆಯುವ ಕೆಲಸಕ್ಕೆ) ಇಂದು ಏಸಿಕ್ ಎಂಬ ವಿಶೇಷ ಯಂತ್ರ ಬೇಕು. 2024ರ ಏಪ್ರಿಲ್‌ನಲ್ಲಿ ಪ್ರತಿ ಬ್ಲಾಕಿನ (ಹಾಗೆ ಸೇರಿಸುವ ವಹಿವಾಟುಗಳ ಕಂತೆಯ) ಬಹುಮಾನವೂ 3.125 ಬಿಟ್‌ಕಾಯಿನ್‌ಗೆ ಇಳಿದಿರುವುದರಿಂದ, ಯಂತ್ರದ ಸದ್ದು ಮತ್ತು ಶಾಖವನ್ನು ಸಹಿಸಿಕೊಂಡವರಿಗೂ ಗೃಹಬಳಕೆಯ ವಿದ್ಯುತ್ ದರದಲ್ಲಿ ಲಾಭ ಉಳಿಯುವುದು ಕಷ್ಟ.

ಎಕ್ಸ್‌ಚೇಂಜಿನಲ್ಲಿ ಕೊಂಡು ಮಾರುವುದಕ್ಕೆ ಅಲ್ಪ ಬಂಡವಾಳ ಸಾಕು. ಆದರೆ ಭಾರತದಲ್ಲಿ ತೆರಿಗೆಯ ಲೆಕ್ಕ ಬಿಗಿಯಾಗಿದೆ. 2022ರ ಏಪ್ರಿಲ್‌ನಿಂದ ಲಾಭದ ಮೇಲೆ ಶೇ. 30 ತೆರಿಗೆಯಿದೆ, ಅದೇ ವರ್ಷದ ಜುಲೈನಿಂದ ನಿಗದಿತ ಮಿತಿ ಮೀರಿದ ಮಾರಾಟಕ್ಕೆ ಶೇ. 1 ಟಿಡಿಎಸ್ ಕಡಿತವಾಗುತ್ತದೆ, ಮೇಲಾಗಿ ಒಂದು ನಾಣ್ಯದಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಹೀಗಾಗಿ ಈ ದಾರಿ ಅಪರೂಪಕ್ಕೆ ಮಾರುವವರಿಗೆ ಒಗ್ಗುತ್ತದೆಯೇ ಹೊರತು ದಿನವಿಡೀ ವಹಿವಾಟು ನಡೆಸುವವರಿಗಲ್ಲ.

ತಂತ್ರಜ್ಞಾನವನ್ನು ಅರಿಯುವುದೇ ಉದ್ದೇಶವಾಗಿದ್ದರೆ (ನನ್ನ ಒಲವು ಇತ್ತಲೇ), ಟೆಸ್ಟ್‌ನೆಟ್‌ನ (ಪ್ರಯೋಗಕ್ಕೆಂದೇ ಇರುವ ಪ್ರತ್ಯೇಕ ಜಾಲದ) ಬೆಲೆಯಿಲ್ಲದ ನಾಣ್ಯಗಳೊಂದಿಗೆ ಸ್ವಂತ ನೋಡ್ (ಜಾಲಕ್ಕೆ ಸೇರಿ ವಹಿವಾಟುಗಳನ್ನು ತಾನೇ ಪರಿಶೀಲಿಸುವ ಕಂಪ್ಯೂಟರ್) ನಡೆಸುವುದು ಇವೆರಡಕ್ಕಿಂತಲೂ ಹೆಚ್ಚು ಕಲಿಸುತ್ತದೆ.