ಒಂಬತ್ತು ವರ್ಷ, ಒಂದೇ ಇನ್‌ಸ್ಟಂಟ್ ಪಾಟ್

2016ರ ಜುಲೈ, ಅಮೆಜಾನಿನ ರಿಯಾಯಿತಿ ಮಾರಾಟದ ದಿನ ಪ್ರೈಮ್ ಡೇ. 70 ಡಾಲರಿಗೆ ಇನ್‌ಸ್ಟಂಟ್ ಪಾಟ್ ಎಂಬ ಈ ಕರೆಂಟಿನ ಪ್ರೆಶರ್ ಕುಕ್ಕರ್ ತಗೊಂಡೆ. ಆರು ಕ್ವಾರ್ಟಿನ ಡುವೋ ಮಾದರಿ, ಅಂದರೆ ಹೆಚ್ಚುಕಮ್ಮಿ ಐದೂವರೆ ಲೀಟರ್. ಆ ಒಂದೇ ದಿನ ಅಮೆರಿಕದಲ್ಲಿ 2,15,000 ಪಾಟ್ ಮಾರಾಟವಾದವು. ಅದರಲ್ಲೊಂದು ನ್ಯೂಜೆರ್ಸಿಯ ನಮ್ಮ ಅಡುಗೆಮನೆಗೆ ಬಂತು. ಇವತ್ತು ಬೆಳಿಗ್ಗೆಯೂ ಅದರಲ್ಲೇ ಬೇಳೆ ಬೇಯಿಸಿದ್ದೇನೆ.

ಮೊದಲು ಮೊಸರಿನ ವಿಷಯ ಹೇಳಬೇಕು. ಇಲ್ಲಿನ ಜನವರಿ ಚಳಿಯಲ್ಲಿ ಮೊಸರು ಹೆಪ್ಪಾಗುವುದೇ ಕಷ್ಟ. ಪಾತ್ರೆಗೆ ಶಾಲು ಸುತ್ತಿ, ಓವನ್ ಒಳಗಿಟ್ಟು, ಅದರ ದೀಪ ಹಾಕಿ ಮಲಗುತ್ತಿದ್ದೆ. ಬೆಳಿಗ್ಗೆ ನೋಡಿದರೆ ಒಂದು ದಿನ ಹಾಲು ಹಾಲಾಗಿಯೇ ಇರುತ್ತಿತ್ತು, ಇನ್ನೊಂದು ದಿನ ಲೋಳೆ. ಈಗ ರಾತ್ರಿ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಕದಡಿ, ಯೋಗರ್ಟ್ ಗುಂಡಿ ಒತ್ತಿ ಎಂಟು ಗಂಟೆ ಬಿಡುತ್ತೇನೆ. ಬೆಳಿಗ್ಗೆ ಸೌಟು ಹಾಕಿದರೆ ಗಡ್ಡೆ ಗಡ್ಡೆಯಾಗಿ ಬರುತ್ತದೆ. ಮೊಸರನ್ನಕ್ಕೆ ಬೇಕಾದದ್ದು ಇದೇ ಅಲ್ವಾ?

ಬಿಸಿಬೇಳೆ ಬಾತಿಗೆ ಅಕ್ಕಿ, ಬೇಳೆ, ತರಕಾರಿ ಎಲ್ಲ ಒಟ್ಟಿಗೆ ಹಾಕುತ್ತೇನೆ. ಕುಕ್ಕರಿನ ಕೂಗು ಎಣಿಸುತ್ತಾ ನಿಲ್ಲಬೇಕಿಲ್ಲ, ಮಗಳನ್ನು ಸ್ಕೂಲಿನಿಂದ ಕರೆತರಲು ಹೋಗಬಹುದು. ಇಡ್ಲಿ ಸ್ಟ್ಯಾಂಡೂ ಒಳಗೆ ಕೂರುತ್ತದೆ. ಒಂದು ಮಾತು ನೆನಪಿರಲಿ: ಒತ್ತಡ ಏರಿದ ಮೇಲಷ್ಟೇ ಇದರ ಟೈಮರ್ ಎಣಿಸುತ್ತದೆ. ಇಡ್ಲಿಗೆ ಆವಿ ಹೊರಗೆ ಬಿಟ್ಟೇ ಬೇಯಿಸುವುದರಿಂದ ಫೋನಿನಲ್ಲಿ ಹನ್ನೆರಡು ನಿಮಿಷ ಇಟ್ಟುಕೊಳ್ಳಿ. ಒಗ್ಗರಣೆ ಮಾತ್ರ ಇವತ್ತಿಗೂ ಒಲೆ ಮೇಲೆ, ಅಮ್ಮ ಕೊಟ್ಟ ಕಬ್ಬಿಣದ ಸೌಟಿನಲ್ಲೇ.

ಇಷ್ಟು ವರ್ಷದಲ್ಲಿ ಬದಲಿಸಿದ್ದು ಮುಚ್ಚಳದ ಸಿಲಿಕೋನ್ ರಿಂಗ್ ಒಂದನ್ನೇ. ನಾವು ಗ್ಯಾಸ್ಕೆಟ್ ಅನ್ನುತ್ತೇವಲ್ಲ, ಅದೇ. ಸಿಲಿಕೋನ್ ಅಂದರೆ ವಾಸನೆ ಹಿಡಿಯುವ ವಸ್ತು. ಸಾರಿನ ಇಂಗು ಪಾಯಸಕ್ಕೆ ಬರಬಾರದು ಅಂತ ಎರಡು ಇಟ್ಟಿದ್ದೇನೆ. ಅರಿಶಿನ ಹತ್ತಿ ಹಳದಿಯಾಗಿರುವುದು ಖಾರಕ್ಕೆ, ಬೆಳ್ಳಗಿರುವುದು ಪಾಯಸಕ್ಕೆ ಮತ್ತು ಮೊಸರಿಗೆ. ಒಮ್ಮೆ ದುಡ್ಡು ಉಳಿಯುತ್ತದೆ ಅಂತ ಯಾವುದೋ ಹೆಸರಿಲ್ಲದ ರಿಂಗ್ ತರಿಸಿದೆ. ಅಂಚಿನಿಂದ ಆವಿ ಸೋರಿ ಒತ್ತಡ ಏರಲೇ ಇಲ್ಲ. ಅರ್ಧ ಗಂಟೆ ಕಳೆದರೂ ಹುರುಳಿಕಾಳು ಕಲ್ಲಿನ ಹಾಗೇ ಇತ್ತು. ಅಸಲಿ ರಿಂಗನ್ನೇ ತಗೊಳ್ಳಿ.

ಅಂದರೆ ಒಂಬತ್ತು ವರ್ಷದಲ್ಲಿ ನಾನು ಕೊಟ್ಟದ್ದು 70 ಡಾಲರ್, ಮೇಲೆ ನಾಲ್ಕಾರು ರಿಂಗಿನ ದುಡ್ಡು. 2023ರ ಜೂನ್‌ನಲ್ಲಿ ಇದರ ಕಂಪನಿ ಚಾಪ್ಟರ್ 11 ದಿವಾಳಿ ಅರ್ಜಿ (ಕೋರ್ಟಿನ ರಕ್ಷಣೆಯಲ್ಲಿ ಸಾಲ ಸರಿಮಾಡಿಕೊಳ್ಳುವ ದಾರಿ) ಹಾಕಿದ ಸುದ್ದಿ ಓದಿದಾಗ ಮೊದಲು ಹೊಳೆದದ್ದು ಈ ಲೆಕ್ಕ. ಕೆಡದ ವಸ್ತು ಮಾಡಿದ್ದಕ್ಕೇ ಮುಳುಗಿದರಾ ಅಂತ ನಿಜಕ್ಕೂ ಬೇಜಾರಾಯಿತು.

ಆಮೇಲೆ ಕೂತು ಓದಿದೆ. ಕೆನಡಾದ ಒಟ್ಟಾವದ ರಾಬರ್ಟ್ ವಾಂಗ್ ಕೆಲಸ ಹೋದ ಮೇಲೆ ಸ್ವಂತ ಉಳಿತಾಯ ಸುರಿದು ಮಾಡಿದ ಪಾಟ್ ಇದು. ಮೊದಲ ಮಾದರಿ ಬಂದದ್ದು 2010ರಲ್ಲಿ. 2019ರಲ್ಲಿ ಕಾರ್ನೆಲ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಯ ಕೈಕೆಳಗೆ ಇದರ ಕಂಪನಿ ಪೈರೆಕ್ಸ್ ಗಾಜಿನ ಪಾತ್ರೆಯ ಕೊರೆಲ್ ಕಂಪನಿಯ ಜೊತೆ ಸೇರಿತು. 2021ರಲ್ಲಿ 45 ಕೋಟಿ ಡಾಲರ್ ಸಾಲ ಎತ್ತಿದರು. ಅದರಲ್ಲಿ 24.5 ಕೋಟಿ ಮಾಲೀಕರಿಗೆ ಡಿವಿಡೆಂಡ್, ಅಂದರೆ ಲಾಭದ ಪಾಲು, ಆಗಿ ಹೋಯಿತು. ಆಮೇಲೆ ಬಡ್ಡಿ ದರ ಏರಿತು. ಅಮೆರಿಕದಲ್ಲಿ ಇಂಥ ಪಾಟ್‌ಗಳ ಒಟ್ಟು ಮಾರಾಟ 2020ರಲ್ಲಿ 75.8 ಕೋಟಿ ಡಾಲರ್ ಇದ್ದದ್ದು 2022ಕ್ಕೆ 34.4 ಕೋಟಿಗೆ ಇಳಿಯಿತು. ಕೊರೊನಾ ಕಾಲದಲ್ಲಿ ಬೇಕಾದವರೆಲ್ಲ ತಗೊಂಡಾಗಿತ್ತು. ಒಂದು ಮನೆಗೆ ಎಷ್ಟು ಪಾಟ್ ಬೇಕು ಹೇಳಿ? ಮಾರಾಟ ಇಳಿಯುವುದು ಸಹಜ. ಇಳಿಯುವ ಹೊತ್ತಿಗೆ ತಲೆ ಮೇಲೆ ಅಷ್ಟು ಸಾಲ ಇದ್ದದ್ದೇ ಹೊಡೆತ ಅಂತ ನನ್ನ ಅಭಿಪ್ರಾಯ.

ನಮ್ಮೂರಲ್ಲೇ ನೋಡಿ. ಹಾಕಿನ್ಸ್ 1959ರಿಂದ ಕುಕ್ಕರ್ ಮಾಡುತ್ತಿದೆ. ಅಮ್ಮನ ಮನೆಯ ಹಾಕಿನ್ಸ್ ನನ್ನ ಮದುವೆಗಿಂತ ಹಳೆಯದು. ಅದರ ಗ್ಯಾಸ್ಕೆಟ್, ವೆಯ್ಟ್, ಹಿಡಿ ಎಲ್ಲವೂ ಪೇಟೆಯ ಪಾತ್ರೆ ಅಂಗಡಿಯಲ್ಲಿ ಸಿಗುತ್ತವೆ. ಅಂಗಡಿಯವರು ಮುಚ್ಚಳ ನೋಡಿಯೇ ಅಳತೆ ಹೇಳುತ್ತಾರೆ. ಅದಕ್ಕೂ ಹಿಂದೆ ಹಿತ್ತಾಳೆ ಪಾತ್ರೆಗಳು ಮೂರು ತಲೆಮಾರು ಬಾಳುತ್ತಿದ್ದವು, ಅವಕ್ಕೆ ಕಲಾಯಿ ಹಾಕುವವರೂ ಬದುಕುತ್ತಿದ್ದರು. ಬೀದಿಯಲ್ಲಿ ಕುಳಿತು, ತಿದಿ ಒತ್ತಿ, ಕಾದ ಪಾತ್ರೆಯೊಳಗೆ ಬಟ್ಟೆಯಿಂದ ತವರ ಒರೆಸಿದರೆ ಕ್ಷಣದಲ್ಲಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕೆಡದ ವಸ್ತುವಿನಿಂದಲೂ ದುಡ್ಡು ಬರುತ್ತದೆ. ಒಂದೇ ಸಲ ರಾಶಿ ಬರುವುದಿಲ್ಲ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಬರುತ್ತದೆ. ಆ ಸ್ವಲ್ಪದಲ್ಲಿ ನಡೆಯುವಷ್ಟೇ ದೊಡ್ಡದಾಗಿ ಕಂಪನಿ ಇರಬೇಕು.

ನಾನಂತೂ ಕೊಡಲು ತಯಾರಿದ್ದೇನೆ. ರಿಂಗ್, ಒಳ ಪಾತ್ರೆ, ಮುಚ್ಚಳದ ಜೊತೆಗೆ ಒಳಗಿನ ಸರ್ಕ್ಯೂಟ್ ಬೋರ್ಡನ್ನೂ ಸುಲಭವಾಗಿ ಬದಲಿಸಿಕೊಡುವ ಹಾಗಿದ್ದರೆ ಹೊಸದರ ಅರ್ಧ ಬೆಲೆಯಾದರೂ ಕೊಡುತ್ತೇನೆ.

ದಿವಾಳಿಯ ನಂತರ ಕಂಪನಿ ಹೊಸ ಮಾಲೀಕರ ಕೈಗೆ ಹೋಗಿದೆ. ಪಾಟ್ ಈಗಲೂ ಸಿಗುತ್ತದೆ. ನಾಲ್ಕು ಜನರ ಮನೆಗೆ ಆರು ಕ್ವಾರ್ಟ್ ಧಾರಾಳ ಸಾಕು, ಜೊತೆಗೇ ಇನ್ನೊಂದು ರಿಂಗ್ ತಗೊಂಡುಬಿಡಿ. ಅಮ್ಮ ಕೇಳಿದರು ಅಂತ ಇಲ್ಲಿಂದ ಊರಿಗೆ ಮಾತ್ರ ಒಯ್ಯಬೇಡಿ. ಇದು 120 ವೋಲ್ಟಿನದು, ನಮ್ಮಲ್ಲಿನ 230ಕ್ಕೆ ಹಾಕಿದರೆ ಸುಟ್ಟೇ ಹೋಗುತ್ತದೆ.