ಅಪ್ಪನ ಎರಡನೇ ಮದುವೆ ಮತ್ತು ಅರಗಿನ ಲಕೋಟೆ: ಮುಚ್ಚಿದ ಉಯಿಲು ಇಡುವ ಸರ್ಕಾರಿ ಸೇವೆಯ ವಿಮರ್ಶೆ

ಅರವತ್ತು ದಾಟಿದ ಅಪ್ಪ ಮತ್ತೆ ಮದುವೆಯಾದ ಮನೆಯಲ್ಲಿ ಉಯಿಲಿನ ಮಾತನ್ನು ಯಾರೂ ಎತ್ತುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಓಡುತ್ತಿರುತ್ತದೆ. ಮಕ್ಕಳಿಗೆ ಸೈಟು, ಮನೆ ಯಾರ ಪಾಲಾಗುತ್ತದೋ ಎಂಬ ಚಿಂತೆ. ಹೊಸದಾಗಿ ಬಂದ ಚಿಕ್ಕಮ್ಮನಿಗೆ ನಾಳೆ ಇವರು ಇಲ್ಲವಾದರೆ ಮಕ್ಕಳು ತನ್ನನ್ನು ಈ ಮನೆಯಲ್ಲಿ ಇರಗೊಡುತ್ತಾರೋ ಇಲ್ಲವೋ ಎಂಬ ದಿಗಿಲು. ಬಾಯಿಬಿಟ್ಟರೆ ಎರಡೂ ಕಡೆಯವರ ಮುನಿಸು ಎಂದು ಅಪ್ಪ ಸುಮ್ಮನಿರುತ್ತಾರೆ. ಇಂಥವರಿಗೆ ‘ಯಾರಿಗೂ ಗೊತ್ತಾಗದ ಹಾಗೆ ಬರೆದು ಸರ್ಕಾರದ ಹತ್ತಿರ ಇಟ್ಟುಬಿಡಿ’ ಎಂದು ಬಲ್ಲವರು ತೋರಿಸುವ ದಾರಿ 1908ರ ನೋಂದಣಿ ಕಾಯ್ದೆಯ 42ನೇ ಕಲಮಿನಲ್ಲಿದೆ. ಉಯಿಲನ್ನು ಲಕೋಟೆಯಲ್ಲಿ ಹಾಕಿ, ಅರಗಿನ ಸೀಲು ಒತ್ತಿ, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಸೇವೆ ಇದು. ಗುಟ್ಟು ಕಾಯುವುದರಲ್ಲಿ ಇದಕ್ಕೆ ಪೂರ್ತಿ ಅಂಕ ಕೊಡಬಹುದು. ಮನೆ ಕಾಯುವುದರಲ್ಲಿ ಅರ್ಧ ಅಂಕವೂ ಸಿಗದು.

ಮೊದಲು ಸೇವೆ ನಡೆಯುವ ಬಗೆ. ಇದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಗುವ ಕೆಲಸವಲ್ಲ, ಜಿಲ್ಲಾ ನೋಂದಣಾಧಿಕಾರಿ ಕಚೇರಿಗೇ ಹೋಗಬೇಕು. ಲಕೋಟೆಯ ಮೇಲೆ ಉಯಿಲು ಬರೆದವರ ಹೆಸರು ಮತ್ತು ಒಳಗಿರುವುದು ಉಯಿಲು ಎಂಬ ಒಂದು ಸಾಲು ಇರಬೇಕು. ಏಜೆಂಟರ ಮೂಲಕ ಕೊಡುವುದಾದರೆ ಅವರ ಹೆಸರೂ ಬೇಕು. ಆಧಾರ್ ಜೊತೆಗೆ ಅಪ್ಪನನ್ನು ಗುರುತಿಸಿ ಹೇಳಬಲ್ಲ ಒಬ್ಬರನ್ನು ಕರೆದೊಯ್ಯುವುದು ಒಳ್ಳೆಯದು. ತಂದವರು ಇವರೇ ಎಂದು ಖಾತ್ರಿಯಾದ ಮೇಲೆ ಅಧಿಕಾರಿ ಲಕೋಟೆಯ ಮೇಲಿನ ಬರಹವನ್ನು ಇಂಥ ಠೇವಣಿಗಳ ದಾಖಲೆಯಾದ 5ನೇ ಪುಸ್ತಕಕ್ಕೆ ಇಳಿಸುತ್ತಾರೆ. ವರ್ಷ, ತಿಂಗಳು, ದಿನ, ಗಂಟೆ, ಗುರುತು ಹೇಳಿದವರ ಹೆಸರು, ಸೀಲಿನ ಮೇಲೆ ಓದಲು ಬರುವ ಅಕ್ಷರ ಎಲ್ಲವನ್ನೂ ಬರೆದುಕೊಂಡು ಲಕೋಟೆಯನ್ನು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಸೀಲಿನ ಅಕ್ಷರವನ್ನೂ ದಾಖಲಿಸುವುದರಿಂದ ಬರಿಯ ಅರಗು ಸುರಿದು ಹೆಬ್ಬೆರಳಿನಿಂದ ಅದುಮಬೇಡಿ. ಹೆಸರಿನ ಮೊದಲಕ್ಷರಗಳಿರುವ ಸಣ್ಣ ಮುದ್ರೆ ಮಾಡಿಸಿ, ಲಕೋಟೆಯ ಬಾಯಿಗೂ ಬೆನ್ನಿನ ಜೋಡಣೆಗೂ ಒತ್ತಿ. ಮನಸ್ಸು ಬದಲಾದರೆ ಅರ್ಜಿ ಕೊಟ್ಟು ವಾಪಸ್ ಪಡೆಯಬಹುದು. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ಬಿಳಿ ಹಾಳೆ ಸಾಕು. ಠೇವಣಿಯ ಶುಲ್ಕವನ್ನು ಕಚೇರಿಯ ಫಲಕದಲ್ಲೇ ನೋಡಿಕೊಳ್ಳಿ.

ಇನ್ನು ಕೊರತೆಗಳು. ಲಕೋಟೆಯೊಳಗೆ ಏನಿದೆ ಎಂದು ಕಚೇರಿ ನೋಡುವುದೇ ಇಲ್ಲ. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಬರೆದವರು ಸಹಿ ಹಾಕಿದ್ದನ್ನು ಅವರು ಕಂಡಿರಬೇಕು, ಇಲ್ಲವೇ ‘ಇದು ನನ್ನ ಸಹಿ’ ಎಂದು ಬರೆದವರ ಬಾಯಿಂದಲೇ ಕೇಳಿರಬೇಕು. ಅವರೂ ಬರೆದವರ ಎದುರೇ ಸಹಿ ಹಾಕಬೇಕು. ಒಬ್ಬರ ಸಹಿ ತಪ್ಪಿದ್ದರೂ ಅಪ್ಪ ಬದುಕಿರುವಾಗ ಅದನ್ನು ಹೇಳುವವರಿಲ್ಲ. ಲಕೋಟೆ ತೆರೆಯುವ ದಿನ ಉಯಿಲು ಬಿದ್ದುಹೋಗುತ್ತದೆ. ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಉಯಿಲು ಬರೆದವರು ತೀರಿಕೊಂಡರೆಂದು ಕಚೇರಿಗೆ ತಾನಾಗಿ ತಿಳಿಯುವುದಿಲ್ಲ, ಕಚೇರಿಯಿಂದ ಮನೆಗೆ ಪತ್ರವೂ ಬರುವುದಿಲ್ಲ. ಮರಣ ಪ್ರಮಾಣಪತ್ರ ಹಿಡಿದು ಯಾರಾದರೂ ಅರ್ಜಿ ಕೊಟ್ಟರೆ ಮಾತ್ರ ಅವರ ಎದುರಿಗೆ ಲಕೋಟೆ ತೆರೆದು, ಅರ್ಜಿದಾರರ ಖರ್ಚಿನಲ್ಲಿ ಉಯಿಲುಗಳ ದಾಖಲೆಯಾದ 3ನೇ ಪುಸ್ತಕಕ್ಕೆ ನಕಲು ಮಾಡಿ, ಮೂಲವನ್ನು ಮತ್ತೆ ಒಳಗಿಡುತ್ತಾರೆ. ಲಕೋಟೆ ಇದೆಯೆಂದೇ ಗೊತ್ತಿಲ್ಲದ ಮನೆಯಲ್ಲಿ ಆ ಹೊತ್ತಿಗೆ ಖಾತೆ ಬದಲಾಗಿರುತ್ತದೆ, ಸೈಟು ಮಾರಾಟವಾಗಿರುತ್ತದೆ.

ಗುಟ್ಟೇ ಮುಖ್ಯವಾದರೆ ಮಾಮೂಲಿ ನೋಂದಣಿಯಲ್ಲೂ ಅದು ಸಾಕಷ್ಟಿದೆ ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ನೋಂದಾಯಿತ ಉಯಿಲು 3ನೇ ಪುಸ್ತಕಕ್ಕೆ ಹೋಗುತ್ತದೆ. ಬರೆದವರು ಬದುಕಿರುವವರೆಗೆ ಅದರ ನಕಲು ಅವರಿಗೆ ಅಥವಾ ಅವರ ಏಜೆಂಟರಿಗೆ ಬಿಟ್ಟು ಬೇರೆ ಯಾರಿಗೂ ಸಿಗುವುದಿಲ್ಲ. ಆಸ್ತಿಯ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೂ ಅದರಲ್ಲಿ ಉಯಿಲು ಕಾಣಿಸುವುದಿಲ್ಲ. ಊರಿನ ಕಚೇರಿಯಲ್ಲಿ ಎಲ್ಲರೂ ಪರಿಚಯದವರು ಎಂಬ ಸಂಕೋಚವಿದ್ದರೆ ಬೇರೆ ತಾಲ್ಲೂಕಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೂ ನೋಂದಾಯಿಸಬಹುದು. ಆಸ್ತಿ ಇರುವ ಜಾಗಕ್ಕೇ ಹೋಗಬೇಕೆಂಬ ಕಟ್ಟುಪಾಡು ಉಯಿಲಿಗಿಲ್ಲ. ಹಾಸಿಗೆ ಹಿಡಿದವರಿದ್ದರೆ ತಕ್ಕ ಕಾರಣ ತೋರಿಸಿ ಅಧಿಕಾರಿಯನ್ನು ಮನೆಗೇ ಕರೆಸಿಕೊಳ್ಳಲು ಅವಕಾಶವಿದೆ. ಫೋಟೊ, ಹೆಬ್ಬೆಟ್ಟು, ಅಧಿಕಾರಿಯ ಎದುರಿನ ಹಾಜರಿ, ಇವು ಮುಂದೆ ಕೋರ್ಟಿನಲ್ಲಿ ನೆರವಿಗೆ ಬರುತ್ತವೆ. ಲಕೋಟೆಯೊಳಗಿನ ಸಹಿಗೆ ಈ ಬೆಂಬಲವಿಲ್ಲ.

ಹಾಗೆಂದು ನೋಂದಣಿ ಆದ ಮಾತ್ರಕ್ಕೆ ಉಯಿಲು ಸಾಬೀತಾದಂತಲ್ಲ. ಉಯಿಲಿನ ಪ್ರಕರಣಗಳಲ್ಲಿ ಇಂದಿಗೂ ಮೊದಲು ಉಲ್ಲೇಖವಾಗುವ ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಮೊಕದ್ದಮೆ ನಮ್ಮ ಮೈಸೂರು ಸೀಮೆಯದೇ. 1958ರಲ್ಲಿ ಅದನ್ನು ತೀರ್ಮಾನಿಸಿದ ಸುಪ್ರೀಂ ಕೋರ್ಟ್, ಉಯಿಲಿನಿಂದ ದೊಡ್ಡ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನಕ್ಕೆ ಕಾರಣ, ಆ ಅನುಮಾನವನ್ನು ಕಳೆಯುವ ಹೊರೆ ಉಯಿಲನ್ನು ಮುಂದಿಡುವವರ ಮೇಲಿದೆ ಎಂದಿತು. ಎರಡನೇ ಮದುವೆಯ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಪತ್ರ ಬರಹಗಾರರನ್ನು ಗೊತ್ತುಮಾಡಿದ್ದು ಚಿಕ್ಕಮ್ಮ, ಕಾರು ತಂದಿದ್ದು ಅವರ ತಮ್ಮ, ಸಾಕ್ಷಿ ಅವರ ಭಾವ ಎಂದಾದರೆ ಉಯಿಲು ಎಷ್ಟೇ ಪ್ರಾಮಾಣಿಕವಾಗಿರಲಿ ಮಕ್ಕಳ ವಕೀಲರಿಗೆ ಅಷ್ಟು ಸಾಕು. ಮಕ್ಕಳು ಮುಂದೆ ನಿಂತು ಚಿಕ್ಕಮ್ಮನನ್ನು ಹೊರಗಿಟ್ಟು ಬರೆಸಿದ ಉಯಿಲಿಗೂ ಇದೇ ಪೆಟ್ಟು. ಪಾಲು ಪಡೆಯುವ ಯಾರೂ ಆ ದಿನ ಕಚೇರಿಯ ಕಡೆ ಸುಳಿಯದಿರಲಿ.

ಸಾಕ್ಷಿಗಳ ವಯಸ್ಸನ್ನೂ ನೋಡಬೇಕು. ಎಪ್ಪತ್ತರ ಅಪ್ಪ ಪಾರ್ಕಿನಲ್ಲಿ ಜೊತೆಗೆ ನಡೆಯುವ ಎಪ್ಪತ್ತೆರಡರ ಗೆಳೆಯರಿಬ್ಬರ ಸಹಿ ಹಾಕಿಸುತ್ತಾರೆ. ಉಯಿಲನ್ನು ರುಜುವಾತು ಮಾಡುವಾಗ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು, ಆಗ ಇಬ್ಬರೂ ಇರುವುದಿಲ್ಲ. ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಊರಲ್ಲೇ ಇರುವವರು ಸಾಕ್ಷಿಯಾಗಲಿ. ಒಬ್ಬರು ಡಾಕ್ಟರಾದರೆ ಇನ್ನೂ ಒಳ್ಳೆಯದು.

ಲಕೋಟೆಯೋ ನೋಂದಣಿಯೋ ಎಂದು ಯೋಚಿಸುವುದಕ್ಕೂ ಮೊದಲು ಅಪ್ಪ ಕೊಡಲು ಹೊರಟಿರುವುದು ಅವರದೇ ಆಸ್ತಿಯೇ ಎಂದು ನೋಡಿ. ತೀರಿಹೋದ ಅಮ್ಮನ ಹೆಸರಿನಲ್ಲಿ ಮನೆ ಇದ್ದರೆ, ಅದು ಅವರ ಸ್ವಂತದ್ದಾಗಿದ್ದು ಅವರು ಉಯಿಲು ಬರೆಯದೆ ಹೋಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಂಡನಿಗೂ ಮಕ್ಕಳಿಗೂ ಸಾಮಾನ್ಯವಾಗಿ ಸಮ ಪಾಲು. ಮೂವರು ಮಕ್ಕಳಿದ್ದರೆ ಅಪ್ಪನ ಕೈಲಿರುವುದು ಕಾಲು ಭಾಗ, ಉಯಿಲಿನಲ್ಲಿ ಬರೆಯಬಹುದಾದದ್ದೂ ಅಷ್ಟೇ. ಪೌತಿ ಖಾತೆ (ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸದೆ ಹತ್ತು ವರ್ಷ ಬಿಟ್ಟಿದ್ದರೆ ‘ಮನೆ ನಂದೇ’ ಎಂಬ ಭಾವನೆ ಅಪ್ಪನಲ್ಲಿ ಬೇರೂರಿರುತ್ತದೆ. ಮದುವೆಗೆ ಮೊದಲೇ ಪೌತಿ ಖಾತೆ ಮುಗಿಸಿಕೊಳ್ಳುವುದು ಎಲ್ಲರಿಗೂ ಕ್ಷೇಮ.

ಅಮ್ಮನ ಒಡವೆಯ ಲೆಕ್ಕವೂ ಇದೇ. ಸೈಟಿಗಿಂತ ಹೆಚ್ಚು ಮನಸ್ಸು ಮುರಿಯುವುದು ಇದರಿಂದ. ಅಮ್ಮನ ಕಾಸಿನ ಸರ ಚಿಕ್ಕಮ್ಮನ ಕೊರಳಲ್ಲಿ ಕಂಡ ದಿನ ಮಗಳು ತವರಿಗೆ ಬರುವುದನ್ನು ನಿಲ್ಲಿಸುತ್ತಾಳೆ. ಚಿಕ್ಕಮ್ಮನಿಗೆ ಅದು ಯಾರದೆಂದೇ ಗೊತ್ತಿರುವುದಿಲ್ಲ. ಲಾಕರಿನಿಂದ ಎಲ್ಲವನ್ನೂ ಒಮ್ಮೆ ಹೊರತೆಗೆದು, ಒಂದೊಂದನ್ನೂ ತೂಗಿ, ಫೋಟೊ ತೆಗೆದು, ‘ಕಾಸಿನ ಸರ, ಇಷ್ಟು ಗ್ರಾಂ, ಕೊಂಡಿಯ ಹತ್ತಿರ ಒಂದು ಕಾಸು ಬೆಸುಗೆ’ ಎಂದು ಗುರುತು ಸಮೇತ ಪಟ್ಟಿ ಮಾಡಿ, ಮದುವೆಗೆ ಮೊದಲೇ ಮಕ್ಕಳಿಗೆ ಹಂಚಿ ಸಹಿ ಹಾಕಿಸಿಕೊಳ್ಳಿ. ಇದನ್ನು ಉಯಿಲಿನವರೆಗೆ ಎಳೆಯಬೇಡಿ.

ಉಯಿಲಿನ ಒಕ್ಕಣೆಯಲ್ಲಿ ಹೆಚ್ಚು ಬಳಕೆಯಾಗುವ ಸಾಲು ‘ಹೆಂಡತಿ ಬದುಕಿರುವವರೆಗೆ ಮನೆ ಅನುಭವಿಸತಕ್ಕದ್ದು, ನಂತರ ಮಕ್ಕಳಿಗೆ’. ನೋಡಲು ನ್ಯಾಯವಾಗಿದೆ, ಆದರೆ ಅದರಲ್ಲಿ ತೊಡಕಿದೆ. ಹೆಂಡತಿಯ ಜೀವನಾಂಶದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 14(1)ರ ಪ್ರಕಾರ ಅವರದೇ ಪೂರ್ಣ ಸ್ವತ್ತಾಗಬಹುದು ಎಂದು ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ತೀರ್ಪು ಹೇಳಿತು. ಹಾಗೆ ಆಗದು, 14(2)ರ ಪ್ರಕಾರ ಉಯಿಲಿನಲ್ಲಿದ್ದಷ್ಟೇ ಹಕ್ಕು ಎಂದ ತೀರ್ಪುಗಳೂ ಇವೆ. ಆದ್ದರಿಂದ ಮನೆಯನ್ನು ಮಕ್ಕಳ ಹೆಸರಿಗೇ ಬರೆದು, ಚಿಕ್ಕಮ್ಮನಿಗೆ ಅದರಲ್ಲಿ ವಾಸದ ಹಕ್ಕು ಮಾತ್ರ ಎಂದು ಸ್ಪಷ್ಟಪಡಿಸಿ. ಯಾವ ಕೋಣೆ, ತೆರಿಗೆ ಯಾರು ಕಟ್ಟಬೇಕು, ಬಾಡಿಗೆ ಯಾರಿಗೆ ಎಂಬುದನ್ನೂ ಬಿಡಬೇಡಿ. ಅವರ ಜೀವನಕ್ಕೆ ಬೇರೆಯಾಗಿ ಬ್ಯಾಂಕ್ ಠೇವಣಿ ಬರೆಯಿರಿ. ಬ್ಯಾಂಕಿನ ನಾಮಿನಿ ಹಣ ಪಡೆಯಬಲ್ಲವರೇ ಹೊರತು ಅದರಿಂದಲೇ ವಾರಸುದಾರರಾಗುವುದಿಲ್ಲ. ನಾಮಿನಿಯೂ ಉಯಿಲೂ ಒಂದೇ ಹೆಸರು ಹೇಳುವಂತೆ ನೋಡಿಕೊಳ್ಳಿ. ಚಿಕ್ಕಮ್ಮನ ಮೊದಲ ಮದುವೆಯ ಮಕ್ಕಳು ಅಪ್ಪನ ವಾರಸುದಾರರಲ್ಲ, ಅವರಿಗೆ ಏನಾದರೂ ಕೊಡುವ ಮನಸ್ಸಿದ್ದರೆ ಹೆಸರು ಹೇಳಿ ಬರೆಯಲೇಬೇಕು. ಯಾರಿಗಾದರೂ ಕಡಿಮೆ ಕೊಟ್ಟಿದ್ದರೆ ಕಾರಣ ಬರೆಯಿರಿ: ‘ಹಿರಿಯ ಮಗನಿಗೆ ಓದಿಗೂ ಮನೆ ಕಟ್ಟಲೂ ಆಗಲೇ ಕೊಟ್ಟಿದ್ದೇನೆ’ ಎಂಬ ಒಂದು ಸಾಲು ದೊಡ್ಡ ವ್ಯಾಜ್ಯವನ್ನು ತಪ್ಪಿಸಬಲ್ಲದು.

ಮದುವೆಗೆ ಮುಂಚೆ ಬರೆದ ಉಯಿಲು ಮದುವೆಯಿಂದ ತಾನಾಗಿ ರದ್ದಾಗುವುದು ಕ್ರೈಸ್ತರಲ್ಲಿ, ಹಿಂದೂಗಳಲ್ಲಿ ಹಾಗಿಲ್ಲ. ಹಾಗಾಗಿ ಹಿಂದೂ ಮನೆಯಲ್ಲಿ ಹದಿನೈದು ವರ್ಷದ ಹಿಂದಿನ ಉಯಿಲೇ ಜೀವಂತವಾಗಿದ್ದು, ಚಿಕ್ಕಮ್ಮನ ಹೆಸರೇ ಇಲ್ಲದಿರಬಹುದು. ಮುಸ್ಲಿಮರಲ್ಲಿ ಉಳಿದ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲಾಗದು.

ಹಾಗಾದರೆ ಅರಗಿನ ಲಕೋಟೆ ಯಾರಿಗೆ? ಮನೆಯಲ್ಲಿ ಉಯಿಲು ಸಿಕ್ಕರೆ ಹರಿದುಹಾಕುವವರಿದ್ದಾರೆ ಎಂಬ ಭಯ ಇರುವವರಿಗೆ, ಹಿಂದಿನ ಸಂಬಂಧದ ಮಗುವಿಗೆ ಪಾಲು ಕೊಡಬೇಕು ಆದರೆ ಬದುಕಿರುವಾಗ ಅದು ಹೊರಬೀಳಬಾರದು ಎನ್ನುವವರಿಗೆ. ಅವರೂ ವಕೀಲರಿಂದ ಒಳಗಿನ ಸಹಿಗಳನ್ನು ಪರೀಕ್ಷಿಸಿದ ಮೇಲೆಯೇ ಅಂಟಿಸಲಿ. ಉಳಿದವರು ನೋಂದಣಿ ಮಾಡಿಸಿ, ಒಂದು ಭಾನುವಾರ ಮಕ್ಕಳನ್ನೂ ಚಿಕ್ಕಮ್ಮನನ್ನೂ ಕೂರಿಸಿಕೊಂಡು ಅಪ್ಪನೇ ಅದನ್ನು ಓದಿ ಹೇಳಲಿ. ಆ ಮಧ್ಯಾಹ್ನ ಕಣ್ಣೀರೂ ಜೋರು ಮಾತೂ ಇರುತ್ತದೆ, ಆದರೆ ಪ್ರಶ್ನೆ ಕೇಳಿದರೆ ಉತ್ತರಿಸಲು ಅಪ್ಪ ಎದುರಿಗಿರುತ್ತಾರೆ. ಲಕೋಟೆಯನ್ನೇ ಆರಿಸಿದವರು ರಸೀದಿಯನ್ನು ಲಾಕರಿನಲ್ಲಿ ಇಡಬೇಡಿ, ಲಾಕರ್ ತೆರೆಯುವುದೇ ಸಾವಿನ ನಂತರದ ಮೊದಲ ಜಗಳ. ರಸೀದಿಯ ಒಂದು ನಕಲನ್ನು ಎಕ್ಸಿಕ್ಯೂಟರ್ (ಉಯಿಲನ್ನು ಜಾರಿಗೆ ತರುವವರು) ಎಂದು ಹೆಸರಿಸಿದವರಿಗೆ, ಇನ್ನೊಂದನ್ನು ವಕೀಲರಿಗೆ ಕೊಟ್ಟು, ಯಾವ ಜಿಲ್ಲೆಯ ಕಚೇರಿ, ಯಾವ ತಾರೀಖು ಎಂದು ಅದರ ಹಿಂದೆ ಬರೆದಿಡಿ.