ಓದಲು ಬಿಟ್ಟಿ, ಬಳಸಲು ಬೀಗ: ಕಟ್ಟಡ ಕೋಡ್‌ಗಳ ಉಚಿತ ವೀಕ್ಷಣೆ, ಹಲವು ಆವೃತ್ತಿಗಳ ಬಳಕೆಯ ನಂತರ

ಅಂಕ: 5ಕ್ಕೆ 3.

ಅಮೆರಿಕದ ಎನ್‌ಎಫ್‌ಪಿಎ (ಬೆಂಕಿ, ವಿದ್ಯುತ್ ಸುರಕ್ಷತೆಯದ್ದು) ಮತ್ತು ಐಸಿಸಿ (ಕಟ್ಟಡ ನಿಯಮಗಳದ್ದು) ಸಂಸ್ಥೆಗಳು ತಮ್ಮ ಕೋಡ್‌ಗಳನ್ನು, ಅಂದರೆ ಸರ್ಕಾರಗಳು ಕಾನೂನಾಗಿ ಅಂಗೀಕರಿಸುವ ಮಾದರಿ ನಿಯಮ ಪುಸ್ತಕಗಳನ್ನು, ಜಾಲತಾಣದಲ್ಲಿ ಉಚಿತವಾಗಿ ಓದಲು ಬಿಡುತ್ತವೆ. ಎನ್‌ಎಫ್‌ಪಿಎಯಲ್ಲಿ ಮೊದಲು ಖಾತೆ ತೆರೆಯಬೇಕು. ಎರಡರಲ್ಲೂ ಪ್ರಿಂಟ್ ಇಲ್ಲ, ಡೌನ್‌ಲೋಡ್ ಇಲ್ಲ, ಪಠ್ಯವನ್ನು ಕಾಪಿ ಮಾಡುವಂತೆಯೂ ಇಲ್ಲ. ಅವೆಲ್ಲ ಹಣ ಕೊಟ್ಟವರಿಗೆ.

ಒಂದು ನಿಯಮ ನೋಡಿ ಬರುವುದಕ್ಕೆ ಇಷ್ಟು ಸಾಕು. ತೊಂದರೆ ಶುರುವಾಗುವುದು ಓದಿದ್ದನ್ನು ನಕ್ಷೆಗೆ ಒಯ್ಯುವಾಗ. ಮೆಟ್ಟಿಲನ್ನೇ ತೆಗೆದುಕೊಳ್ಳಿ. ಐಸಿಸಿಯ ಕಟ್ಟಡ ಕೋಡಾದ ಐಬಿಸಿಯ ಸಾಮಾನ್ಯ ನಿಯಮದಂತೆ ಪ್ರತಿ ಮೆಟ್ಟಿಲಿನ ಎತ್ತರ (ಏರು) ಹೆಚ್ಚೆಂದರೆ 7 ಇಂಚು, ಕಾಲಿಡುವ ಅಗಲ (ಹಾಸು) ಕನಿಷ್ಠ 11 ಇಂಚು. ಒಂದೆರಡು ಕುಟುಂಬಗಳ ಮನೆಗಳಿಗಿರುವ ಐಆರ್‌ಸಿಯಲ್ಲಿ ಇವು 7¾ ಮತ್ತು 10. ಕಾಪಿ ಮಾಡಲಾಗದ ಕಾರಣ ಜನ ಅಂಕಿಯನ್ನಷ್ಟೇ ಚೀಟಿಯಲ್ಲಿ ಗೀಚಿಕೊಳ್ಳುತ್ತಾರೆ. ಅದು ಯಾವ ಕೋಡಿನ ಎಷ್ಟನೇ ಕಲಮು ಎಂಬುದು ಪರದೆಯಲ್ಲೇ ಉಳಿಯುತ್ತದೆ. 120 ಇಂಚು ಎತ್ತರದ ಅಂತಸ್ತಿಗೆ ಐಆರ್‌ಸಿ ಲೆಕ್ಕದಲ್ಲಿ 16 ಏರು, 15 ಹಾಸು, ಅಂದರೆ 150 ಇಂಚು ಉದ್ದ. ಐಬಿಸಿ ಲೆಕ್ಕದಲ್ಲಿ 18 ಏರು, 17 ಹಾಸು, 187 ಇಂಚು. ಚೀಟಿಯ ಅಂಕಿ ಕಚೇರಿ ಕಟ್ಟಡದ ನಕ್ಷೆಗೆ ಹೋಯಿತೋ, ಮೂರು ಅಡಿಗೂ ಹೆಚ್ಚು ಜಾಗ ಕಮ್ಮಿ ಬೀಳುತ್ತದೆ. ಕಾಂಕ್ರೀಟ್ ಹಾಕಿದ ಮೇಲೆ ಗೊತ್ತಾದರೆ ಒಡೆಯುವುದೊಂದೇ ದಾರಿ.

ಎರಡನೆಯ ತೊಡಕು, ಕೋಡು ಬೇರೆ ಸಂಸ್ಥೆಗಳ ಮಾನದಂಡ ಪುಸ್ತಕಗಳತ್ತ ಬೆರಳು ತೋರಿಸುವುದು. ಐಬಿಸಿ ಕಾಂಕ್ರೀಟಿಗೆ ಎಸಿಐ 318 ನೋಡಿ ಅನ್ನುತ್ತದೆ, ಕಟ್ಟಡ ತಾಳಬೇಕಾದ ಭಾರಕ್ಕೆ (ಗಾಳಿ, ಭೂಕಂಪದ್ದೂ ಸೇರಿ) ಎಎಸ್‌ಸಿಇ 7, ಗೋಡೆಯ ಬೆಂಕಿ ತಾಳಿಕೆಗೆ ಎಎಸ್‌ಟಿಎಂ ಇ119 ಅಥವಾ ಯುಎಲ್ 263. ಐಬಿಸಿಯ 35ನೇ ಅಧ್ಯಾಯ ಪೂರ್ತಿ ಇಂಥ ಪಟ್ಟಿಯೇ. ಗಾಳಿ, ಭೂಕಂಪದ ಮೌಲ್ಯಗಳನ್ನು ಎಎಸ್‌ಸಿಇ ತಾಣದಲ್ಲಿ ಸ್ಥಳ ನಮೂದಿಸಿ ಪುಕ್ಕಟೆ ಪಡೆಯಬಹುದು, ಆದರೆ ಅವನ್ನು ಬಳಸುವ ವಿಧಾನ ಪುಸ್ತಕದಲ್ಲಿದೆ, ಪುಸ್ತಕಕ್ಕೆ ಬೆಲೆಯಿದೆ. ಪಾಲಿಸದಿದ್ದರೆ ದಂಡ ಹಾಕುವ ನಿಯಮವನ್ನು ಓದುವುದಕ್ಕೂ ದುಡ್ಡು ಕೇಳುವುದು ಯಾವ ನ್ಯಾಯವೋ!

ಮೂರನೆಯದು ಆವೃತ್ತಿ. ಹೊಸ ಆವೃತ್ತಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಕೋಡನ್ನು ಜಾರಿ ಮಾಡುವ ನಿಮ್ಮ ಸ್ಥಳೀಯ ಪ್ರಾಧಿಕಾರ ಇನ್ನೂ ಹಳೆಯದರಲ್ಲೇ ಇರಬಹುದು. ಎನ್‌ಎಫ್‌ಪಿಎ 70, ಅಂದರೆ ವಿದ್ಯುತ್ ಕೋಡು, ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ಮನೆಗಳ ನಿಗದಿತ ಜಾಗಗಳಲ್ಲಿ 125 ವೋಲ್ಟ್ ಸಾಕೆಟ್‌ಗಳಿಗಷ್ಟೇ ಬೇಕಿದ್ದ ಜಿಎಫ್‌ಸಿಐ ರಕ್ಷಣೆ (ವಿದ್ಯುತ್ ನೆಲಕ್ಕೆ ಸೋರಿದರೆ ತಟ್ಟನೆ ಕಡಿತಗೊಳಿಸುವಂಥದ್ದು) 2020ರ ಆವೃತ್ತಿಯಲ್ಲಿ 250 ವೋಲ್ಟ್‌ವರೆಗೆ ವಿಸ್ತರಿಸಿತು. 2017ರದ್ದನ್ನು ನೋಡಿ ಬ್ರೇಕರ್ ತರಿಸಿದವರ ಲೆಕ್ಕ ತಪ್ಪುತ್ತದೆ. ಆದ್ದರಿಂದ ಮೊದಲು ಪ್ರಾಧಿಕಾರವನ್ನು ಕೇಳಿ, ಜಾರಿಯಲ್ಲಿರುವ ಆವೃತ್ತಿಯನ್ನೂ ಸ್ಥಳೀಯ ತಿದ್ದುಪಡಿಗಳನ್ನೂ ಬರೆದುಕೊಳ್ಳಿ. ಅದೇ ಆವೃತ್ತಿ ತೆರೆಯಿರಿ. ಎನ್‌ಎಫ್‌ಪಿಎಯದ್ದಾದರೆ ಆ ದಾಖಲೆಯ ಪುಟದಲ್ಲಿ ತಾತ್ಕಾಲಿಕ ತಿದ್ದುಪಡಿ, ತಪ್ಪೋಲೆಗಳಿವೆಯೇ ಎಂದೂ ನೋಡಿ.

ನ್ಯಾಯಾಲಯಗಳು ಓದುಗರ ಕಡೆಗೇ ವಾಲುತ್ತಿವೆ. 2002ರ ವೀಕ್ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಕಾನೂನಾಗಿ ಅಂಗೀಕಾರವಾದ ಮಾದರಿ ಕೋಡನ್ನು ಕಾನೂನೆಂದು ಪ್ರಕಟಿಸುವುದಕ್ಕೆ ಕೃತಿಸ್ವಾಮ್ಯ ಅಡ್ಡಿಯಲ್ಲ ಎಂದಿತು. ಕಾನೂನಿನೊಳಗೆ ಸೇರಿದ ಮಾನದಂಡಗಳನ್ನು ಲಾಭದ ಉದ್ದೇಶವಿಲ್ಲದೆ ಜಾಲಕ್ಕೇರಿಸುವುದು ನ್ಯಾಯೋಚಿತ ಬಳಕೆ ಎಂದು 2023ರಲ್ಲಿ ಅಲ್ಲಿನದೇ ಇನ್ನೊಂದು ಮೇಲ್ಮನವಿ ನ್ಯಾಯಾಲಯದಿಂದ, ಹಾಗೆ ಜಾಲಕ್ಕೇರಿಸಿದ್ದ ಪಬ್ಲಿಕ್ ರಿಸೋರ್ಸ್ ಸಂಸ್ಥೆಯ ಪರವಾಗಿ ತೀರ್ಪು ಬಂತು. 2024ರ ಮಾರ್ಚಿನಲ್ಲಿ ಐರೋಪ್ಯ ನ್ಯಾಯಾಲಯವೂ ಆಟಿಕೆ ಸುರಕ್ಷತೆಯ ಮಾನದಂಡಗಳ ವಿಷಯದಲ್ಲಿ ಸಾರ್ವಜನಿಕ ಹಿತವನ್ನೇ ಎತ್ತಿಹಿಡಿಯಿತು.

ಖರ್ಚಿಗೆ ಹಣ ಹುಟ್ಟುವುದು ಎಲ್ಲಿಂದ ಎಂಬ ಸಂಸ್ಥೆಗಳ ಪ್ರಶ್ನೆ ಸುಳ್ಳಲ್ಲ. ಸಮಿತಿಯ ತಜ್ಞರು ಬಹುಪಾಲು ಸ್ವಯಂಸೇವಕರಾದರೂ ಸಂಪಾದನೆ, ಸಭೆ, ಸಿಬ್ಬಂದಿಗೆ ಹಣ ಬೇಕು. ಆದರೆ ಟಿಪ್ಪಣಿ ಸಹಿತ ಕೈಪಿಡಿ, ತರಬೇತಿ, ಹುಡುಕುವ ಸೌಲಭ್ಯ ಇವನ್ನು ಮಾರಲಿ. ಬರಿಯ ನಿಯಮದ ಪಿಡಿಎಫ್ ತಡೆಯಿಲ್ಲದೆ ಸಿಗಬೇಕು. ಸಿಗ್ನಲ್ ಇಲ್ಲದ ನೆಲಮಾಳಿಗೆಯಲ್ಲಿ ನಿಂತ ಮೇಸ್ತ್ರಿಗೆ ಕೆಲಸಕ್ಕೆ ಬರುವುದು ಅದೇ. ಭಾರತದ ಮಾನದಂಡ ಸಂಸ್ಥೆ ಬಿಐಎಸ್ ನೋಂದಾಯಿಸಿಕೊಂಡವರಿಗೆ ತನ್ನ ಬಹಳಷ್ಟು ಮಾನದಂಡಗಳನ್ನು ಉಚಿತ ಡೌನ್‌ಲೋಡಿಗೆ ಇಟ್ಟಿದೆ, ಆದ್ದರಿಂದ ಆಗದ ಮಾತೇನಲ್ಲ.

ಪ್ರಿಂಟ್ ಬಂದರೆ ಒಂದು ಅಂಕ ಹೆಚ್ಚು, 35ನೇ ಅಧ್ಯಾಯದ ಪುಸ್ತಕಗಳೂ ತೆರೆದರೆ ಇನ್ನೊಂದು.